ನ್ಯಾಯಪೀಠದ ಬಳಿ ಕುಲದ ಹಿರಿಯರು

ನ್ಯಾಯಸ್ಥಾನವೆಂದೊಡನೆ ಎತ್ತರದ ಪೀಠವೊಂದು ಕಣ್ಣಿಗೆ ಕಟ್ಟುತ್ತದೆ. ಪೀಠದ ಮೇಲೆ ನ್ಯಾಯಾಧೀಶರು, ಅದರ ಕೆಳಗೆ ಗುಮಾಸ್ತರು ಹಾಗೂ ವಕೀಲರು, ಒಂದು ಪಕ್ಕಕ್ಕೆ ಕಟಕಟೆ. ಎಲ್ಲರಿಗಿಂತ ಹಿಂದಿನ ಬೆಂಚಿನಲ್ಲಿ ಆರೋಪಿಯ ತಾಯಿತಂದೆಗಳು. ಯಾರು ಎಲ್ಲಿ ಕೂರಬೇಕೆಂಬುದರಲ್ಲಿಯೇ ಯಾರ ಮಾತಿಗೆ ಎಷ್ಟು ಬೆಲೆಯೆಂಬುದೂ ನಿಶ್ಚಯವಾಗಿಬಿಡುತ್ತದೆ. ಬ್ರಿಟಿಷರು ಆಳಿದ ದೇಶಗಳಲ್ಲೆಲ್ಲ ಈ ಏರ್ಪಾಡು ಹೆಚ್ಚುಕಡಮೆ ಒಂದೇ ಬಗೆಯದು. ಅವರು ಬಿಟ್ಟುಹೋದ ಕಡೆಗಳಲ್ಲಿಯೂ ಅದು ಉಳಿದಿದೆ. ಅವರು ಹೋಗಿ ನೆಲಸಿಯೇಬಿಟ್ಟ ಕಡೆಗಳಲ್ಲಿಯೂ ಉಳಿದಿದೆ.

ಈ ಏರ್ಪಾಡನ್ನು ಬದಲಿಸಿ ನೋಡಿದ ಒಂದು ಊರಿನ ವಿಚಾರವನ್ನು ಈ ತಿಂಗಳು ಓದುಗರ ಮುಂದಿಡಬೇಕೆನಿಸಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಉತ್ತರ ಭಾಗದಲ್ಲಿ, ಗೋಲ್ಬರ್ನ್ ನದಿಯ ದಂಡೆಯ ಮೇಲೆ, ಶೆಪರ್ಟನ್ ಎಂಬ ಪಟ್ಟಣವುಂಟು. ಹಣ್ಣಿನ ತೋಟಗಳಿಗೆ ಹೆಸರಾದ ಊರು. 2002ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಅಲ್ಲಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಅಂಗವಾಗಿ ‘ಕೂರಿ ಕೋರ್ಟ್’ ಎಂಬುದು ಆರಂಭವಾಯಿತು. ‘ಕೂರಿ’ ಎಂಬುದು ವಿಕ್ಟೋರಿಯಾ ಮತ್ತು ನ್ಯೂ ಸೌತ್ ವೇಲ್ಸ್ ಪ್ರಾಂತಗಳ ಮೂಲನಿವಾಸಿಗಳು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು. ಈ ನ್ಯಾಯಾಲಯದಲ್ಲಿ ಎತ್ತರದ ಪೀಠವನ್ನು ಬಳಸುವುದಿಲ್ಲ. ಅಂಡಾಕಾರದ ಒಂದು ಮೇಜಿನ ಸುತ್ತ ಮ್ಯಾಜಿಸ್ಟ್ರೇಟರು, ಅವರ ಬಳಿಯಲ್ಲಿ ಮೂಲನಿವಾಸಿ ಕುಲದ ಹಿರಿಯರು, ಆರೋಪಿ, ಅವನ ಮನೆಯವರು, ವಕೀಲರು, ಪೊಲೀಸರ ಪರವಾಗಿ ವಾದಿಸುವವರು, ಶಿಕ್ಷೆಯ ಮೇಲ್ವಿಚಾರಣೆಯ ಅಧಿಕಾರಿಗಳು, ಎಲ್ಲರೂ ಒಂದೇ ಮಟ್ಟದಲ್ಲಿ ಕುಳಿತುಕೊಳ್ಳುತ್ತಾರೆ. ಕಲಾಪ ಮೊದಲಾಗುವ ಮುನ್ನ ಆ ನೆಲದ ಮೂಲ ಒಡೆಯರನ್ನು ನೆನೆಯುವುದು ಪದ್ಧತಿ. ಇಂತಹ ನ್ಯಾಯಾಲಯವನ್ನು ತೆರೆಯುವಾಗ ನೀಲಗಿರಿ ಎಲೆಯನ್ನು ಸುಟ್ಟು ಹೊಗೆಯಾಡಿಸಿ ಕೊಠಡಿಯನ್ನು ಶುದ್ಧಿಗೊಳಿಸುವುದೂ ಉಂಟು. ನಮ್ಮ ನೀಲಗಿರಿ ಬೆಟ್ಟದ ಓದುಗರಿಗೆ ಆ ಮರದ ಪರಿಚಯ ಬೇಕಿಲ್ಲ. ಅದು ಅಲ್ಲಿಂದಲೇ ಇಲ್ಲಿಗೆ ಬಂದುದು.

ಇದಕ್ಕೆ ದಾರಿ ತೋರಿದುದು ದಕ್ಷಿಣ ಆಸ್ಟ್ರೇಲಿಯಾ. ಅಲ್ಲಿಯ ಪೋರ್ಟ್ ಅಡಿಲೇಡಿನಲ್ಲಿ ಕ್ರಿಸ್ ವಾಸ್ ಎಂಬ ಮ್ಯಾಜಿಸ್ಟ್ರೇಟರು ಮೂಲನಿವಾಸಿಗಳೊಡನೆ ಮಾತುಕತೆ ನಡೆಸಿ 1999ರಲ್ಲಿ ‘ನಂಗ ಕೋರ್ಟ’ನ್ನು ಆರಂಭಿಸಿದರು. 2002ರಲ್ಲಿ ನ್ಯೂ ಸೌತ್ ವೇಲ್ಸಿನ ನೌರಾದಲ್ಲಿ, ಕೆನಡಾದ ಮಾದರಿಯನ್ನನುಸರಿಸಿ, ಎಲ್ಲರೂ ವೃತ್ತಾಕಾರವಾಗಿ ಕುಳಿತು ಶಿಕ್ಷೆಯನ್ನು ಆಲೋಚಿಸುವ ಕ್ರಮ ಬಂದಿತು. ಅದೇ ವರ್ಷ ಬ್ರಿಸ್ಬೇನಿನಲ್ಲಿ ‘ಮರ್ರಿ ಕೋರ್ಟ್’ ತೆರೆಯಿತು. ವಿಕ್ಟೋರಿಯಾದಲ್ಲಿ ಮಾತ್ರ ಇದಕ್ಕೆಂದೇ 2002ರಲ್ಲಿ ಒಂದು ಪ್ರತ್ಯೇಕ ಕಾಯಿದೆಯಾಯಿತು. ಅಲ್ಲಿ 2005ರಲ್ಲಿ ಮಕ್ಕಳ ನ್ಯಾಯಾಲಯಕ್ಕೂ, 2008ರಲ್ಲಿ ಅದಕ್ಕೂ ಮೇಲಿನ ಕೌಂಟಿ ನ್ಯಾಯಾಲಯಕ್ಕೂ ಈ ಕ್ರಮ ವಿಸ್ತರಿಸಿತು.

ಇಲ್ಲಿ ನಡೆಯುವುದೇನು? ಮೊದಲನೆಯದಾಗಿ, ಆರೋಪಿಯು ತಪ್ಪನ್ನು ಒಪ್ಪಿಕೊಂಡಿರಬೇಕು. ಈ ನ್ಯಾಯಾಲಯಕ್ಕೆ ಬರಲು ಅವನ ಸಮ್ಮತಿಯೂ ಇರಬೇಕು. ಲೈಂಗಿಕ ಅಪರಾಧಗಳು ಇಲ್ಲಿಗೆ ಬರುವುದಿಲ್ಲ. ಮೊಕದ್ದಮೆಯ ಸಂಗತಿಗಳನ್ನು ಓದಿದ ಬಳಿಕ ಹಿರಿಯರು ಮಾತನಾಡುತ್ತಾರೆ. ಅವರು ಕಾನೂನಿನ ಕಲಮುಗಳನ್ನು ಹೇಳುವವರಲ್ಲ. ನಿನ್ನ ತಾಯಿ ಯಾರು, ನಿನ್ನ ಅಜ್ಜಿ ಯಾವ ಊರಿನವಳು, ನಿನ್ನ ಮಕ್ಕಳು ಈಗ ಯಾರ ಬಳಿ ಇದ್ದಾರೆ, ಕುಡಿತಕ್ಕೆ ಹೇಗೆ ಬಿದ್ದೆ, ನಿನ್ನಿಂದ ನೊಂದವರ ಮುಖವನ್ನು ನೋಡಿದೆಯಾ, ಇಂತಹ ಪ್ರಶ್ನೆಗಳು ಅವರವು. ಅಲ್ಲಿಯ ಮೂಲನಿವಾಸಿಗಳು ತಮ್ಮ ಹಿರಿಯರನ್ನು ‘ಆಂಟಿ’, ‘ಅಂಕಲ್’ ಎಂದು ಕರೆಯುತ್ತಾರೆ. ಪರಭಾಷೆಯ ಶಬ್ದಗಳಾದರೂ ಅದರಲ್ಲಿ ಅತ್ತೆ, ಸೋದರಮಾವ, ದೊಡ್ಡಪ್ಪ ಎನ್ನುವಾಗಿನ ಗೌರವವೇ ತುಂಬಿದೆ. ನ್ಯಾಯಾಲಯದಲ್ಲಿಯೂ ಅವರು ಆಂಟಿಯೇ, ಅಂಕಲ್ಲೇ. ಮ್ಯಾಜಿಸ್ಟ್ರೇಟರೂ ಅವರನ್ನು ಹಾಗೆಯೇ ಸಂಬೋಧಿಸುತ್ತಾರೆ.

ಕಟಕಟೆಯಲ್ಲಿ ಹತ್ತು ಸಲ ನಿಂತು ಬಂದವನಿಗೆ ಹನ್ನೊಂದನೆಯ ಸಲ ನಿಲ್ಲುವುದು ಕಷ್ಟವೇನಲ್ಲ. ತಲೆ ತಗ್ಗಿಸಿ ನಿಂತರೆ ಹತ್ತು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಆದರೆ ತನ್ನ ತಾಯಿಯನ್ನು ಎತ್ತಿ ಆಡಿಸಿದ ಹಿರಿಯಳೊಬ್ಬಳು ಮೇಜಿನ ಆಚೆ ಕುಳಿತು, ಹೆಸರು ಹಿಡಿದು ಕರೆದು, ಏಕೆ ಹೀಗೆ ಮಾಡಿದೆಯೆಂದು ಕೇಳಿದರೆ ಉತ್ತರ ಕೊಡದೆ ನಿರ್ವಾಹವಿಲ್ಲ. ಈ ನ್ಯಾಯಾಲಯವನ್ನು ಮೃದುವೆಂದು ಹೊರಗಿನವರು ಆಡಿಕೊಂಡುದುಂಟು. ಒಳಗೆ ಕುಳಿತು ಬಂದವರು ಸಾಮಾನ್ಯ ನ್ಯಾಯಾಲಯವೇ ಇದಕ್ಕಿಂತ ಸುಲಭವೆಂದು ಹೇಳುವುದುಂಟು.

ಇಂತಹ ಪ್ರಯೋಗದ ಅಗತ್ಯವಾದರೂ ಏಕೆ ಬಂದಿತು? ಅದಕ್ಕೊಂದು ದುಃಖದ ಹಿನ್ನೆಲೆಯಿದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಲಾಕಪ್ಪುಗಳಲ್ಲಿ, ಸೆರೆಮನೆಗಳಲ್ಲಿ ಮೂಲನಿವಾಸಿಗಳು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದರು. ಅವರ ಮನೆಯವರ ಹೋರಾಟದಿಂದ 1987ರಲ್ಲಿ ರಾಜಾಯೋಗವೊಂದು ನೇಮಕವಾಯಿತು. ಅದು 99 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 1991ರಲ್ಲಿ 339 ಶಿಫಾರಸುಗಳೊಡನೆ ವರದಿ ಕೊಟ್ಟಿತು. ಸೆರೆಯೊಳಗೆ ಮೂಲನಿವಾಸಿಗಳು ಸಾಯುವ ಪ್ರಮಾಣ ಉಳಿದ ಕೈದಿಗಳ ಪ್ರಮಾಣಕ್ಕಿಂತ ಹೆಚ್ಚಿನದಲ್ಲ. ಅವರು ಸೆರೆಗೆ ಹೋಗುವ ಪ್ರಮಾಣವೇ ಮಿತಿಮೀರಿದ್ದು ಎಂಬುದು ಆಯೋಗ ಕಂಡುಕೊಂಡ ಮುಖ್ಯ ಸಂಗತಿ. ಮರಣಿಸಿದ 99 ಮಂದಿಯಲ್ಲಿ 43 ಮಂದಿಯನ್ನು ಬಾಲ್ಯದಲ್ಲಿಯೇ ಸರಕಾರವೋ ಮಿಷನ್ನುಗಳೋ ಹೆತ್ತವರಿಂದ ಬೇರ್ಪಡಿಸಿದ್ದರು. ತಾಯಿಯ ಮಡಿಲಿನಿಂದ ಕಿತ್ತೊಯ್ದ ಕೈಯೂ ಮುಂದೆ ಬೀಗ ಹಾಕಿದ ಕೈಯೂ ಒಂದೇ ಸರಕಾರದವು.

ಮೂಲನಿವಾಸಿಗಳ ಬದುಕನ್ನು ಮುಟ್ಟುವ ಯೋಜನೆಗಳನ್ನು ಅವರೊಡನೆ ಕುಳಿತು, ಅವರ ಸ್ವನಿರ್ಣಯದ ಹಕ್ಕನ್ನು ಮಾನ್ಯಮಾಡಿ ರೂಪಿಸಬೇಕೆಂಬುದು ಆ ಆಯೋಗದ ಶಿಫಾರಸುಗಳಲ್ಲೊಂದು. ಕೂರಿ ಕೋರ್ಟಿನ ಬೇರು ಅಲ್ಲಿದೆ. 2000ದಲ್ಲಿ ವಿಕ್ಟೋರಿಯಾ ಸರಕಾರವೂ ಅಲ್ಲಿಯ ಮೂಲನಿವಾಸಿ ಸಮುದಾಯವೂ ನ್ಯಾಯದ ವಿಚಾರವಾಗಿ ಒಂದು ಒಡಂಬಡಿಕೆ ಮಾಡಿಕೊಂಡವು; ಎರಡು ವರ್ಷಗಳಲ್ಲಿ ಶೆಪರ್ಟನ್ನಿನ ಮೇಜು ಸಿದ್ಧವಾಯಿತು.

ಭಾಷೆಯ ಮಾತೊಂದನ್ನೂ ಇಲ್ಲಿ ಹೇಳಬೇಕು. ಆಸ್ಟ್ರೇಲಿಯಾದ ಉತ್ತರ ಪ್ರಾಂತದಲ್ಲಿ 1976ರಲ್ಲಿ ‘ಅನುಂಗ’ ಎಂಬ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಫಾರ್‌ಸ್ಟರ್ ಅವರು ಪೊಲೀಸರಿಗೆ ಕೆಲವು ನಿಯಮಗಳನ್ನು ವಿಧಿಸಿದರು. ಮೂಲನಿವಾಸಿಯನ್ನು ಪ್ರಶ್ನಿಸುವಾಗ ಇಂಗ್ಲಿಷ್ ಸರಿಯಾಗಿ ಬಾರದವನಿಗೆ ದುಭಾಷಿಯನ್ನು ಒದಗಿಸಬೇಕು; ಅವನ ಬಳಿ ಅವನಿಗೆ ಬೇಕಾದವರೊಬ್ಬರು ಇರಬೇಕು; ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ ಕೇಳಬಾರದು. ಏಕೆಂದರೆ ಅಧಿಕಾರಸ್ಥರು ಏನು ಕೇಳಿದರೂ ಅರ್ಥವಾಗಲಿ ಬಿಡಲಿ ‘ಹೌದು’ ಎಂದುಬಿಡುವುದು ಅಲ್ಲಿ ಸಾಮಾನ್ಯವಾಗಿದ್ದಿತು. ಮೌನವಾಗಿರುವುದು, ಹಿರಿಯರ ಕಣ್ಣಿಗೆ ಕಣ್ಣಿಟ್ಟು ನೋಡದಿರುವುದು ಅವರಲ್ಲಿ ಮರ್ಯಾದೆಯ ಲಕ್ಷಣ. ನ್ಯಾಯಾಲಯದಲ್ಲಿ ಅದೇ ಕಳ್ಳತನದ ಲಕ್ಷಣವಾಗಿ ಕಾಣುತ್ತಿದ್ದಿತು. ತನಗೆ ತಿಳಿಯದ ಭಾಷೆಯಲ್ಲಿ ಕಛೇರಿಯವರು ಕೇಳಿದ್ದಕ್ಕೆಲ್ಲ ಸುಮ್ಮನೆ ತಲೆಯಾಡಿಸಿ ಬಂದ ಅಜ್ಜಿಯೊಬ್ಬಳು ಗಡಿನಾಡಿನ ನಮ್ಮ ಎಷ್ಟೋ ಮನೆಗಳಲ್ಲಿ ಇದ್ದಾಳೆ; ಆದ್ದರಿಂದ ಈ ‘ಹೌದಿ’ನ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕಲಾಪವು ಆರೋಪಿಗೂ, ಅವನ ಮನೆಯವರಿಗೂ, ಅಲ್ಲಿ ನೆರೆದ ಅವನ ಸಮುದಾಯದವರಿಗೂ ತಿಳಿಯುವಂತೆ ನಡೆಯಬೇಕೆಂದು ಕೂರಿ ಕೋರ್ಟಿನ ಕಾಯಿದೆಯಲ್ಲಿಯೇ ಬರೆದಿದೆ. ಇಷ್ಟು ಸಾಮಾನ್ಯವಾದ ಮಾತನ್ನು ಕಾಯಿದೆಯಲ್ಲಿ ಬರೆಯಬೇಕಾಯಿತೆಂದರೆ ಅದುವರೆಗೆ ನಡೆದುದು ಹೇಗಿದ್ದಿತೆಂದು ಊಹಿಸಬಹುದು.

ಓದುಗರಲ್ಲಿ ಕೆಲವರು ಇಲ್ಲಿ ತಡೆದು ಪ್ರಶ್ನಿಸಬಹುದು: ‘ಇದು ನಮ್ಮ ಹಳೆಯ ಕುಲಪಂಚಾಯಿತಿಯೇ ಅಲ್ಲವೆ? ಕಟ್ಟೆಯ ಮೇಲೆ ಕುಳಿತ ಯಜಮಾನರು ಬಡವನಿಗೆ ದಂಡ ಹಾಕಿ, ಹೆಣ್ಣಿಗೆ ಬಹಿಷ್ಕಾರ ಹಾಕಿ ಮಾಡಿದ ಅನ್ಯಾಯಗಳನ್ನು ಮರೆಯಲಾದೀತೆ?’ ಪ್ರಶ್ನೆ ನ್ಯಾಯವಾದುದು. ಆದರೆ ಎರಡಕ್ಕೂ ಅಂತರವುಂಟು. ಕೂರಿ ಕೋರ್ಟಿನ ಹಿರಿಯರು ತಪ್ಪಿತಸ್ಥನಾರೆಂದು ತೀರ್ಮಾನಿಸುವುದಿಲ್ಲ, ದಂಡ ವಿಧಿಸುವುದಿಲ್ಲ, ಯಾರನ್ನೂ ಹೊರಹಾಕುವುದಿಲ್ಲ. ಹಿರಿಯರಲ್ಲಿ ಮಹಿಳೆಯರೂ ಇದ್ದಾರೆ. ಅವರ ಮಾತಿನ ತೂಕ ಪುರುಷರ ಮಾತಿಗಿಂತ ಕಡಿಮೆಯಲ್ಲ. ವಕೀಲನ ರಕ್ಷಣೆಯೂ ಮೇಲ್ಮನವಿಯ ಹಕ್ಕೂ ಆರೋಪಿಗೆ ಹಾಗೆಯೇ ಉಳಿದಿವೆ. ಅಲ್ಲಿಯ ಹಿರಿಯರು ಕೇಳಿದುದು ಶಿಕ್ಷಿಸುವ ಅಧಿಕಾರವನ್ನಲ್ಲ, ತಮ್ಮ ಮಕ್ಕಳು ಸೆರೆಮನೆಗೆ ಹೋಗುವ ದಾರಿಯಲ್ಲಿ ಅಡ್ಡ ನಿಂತು ಮಾತನಾಡುವ ಅವಕಾಶವನ್ನು.

ಫಲವೇನಾಯಿತು? ಮೊದಮೊದಲ ಲೆಕ್ಕಗಳು ಆಶಾದಾಯಕವಾಗಿರಲಿಲ್ಲ. ನ್ಯೂ ಸೌತ್ ವೇಲ್ಸಿನ ಅಪರಾಧ ಅಂಕಿಅಂಶ ಇಲಾಖೆ 2008ರಲ್ಲಿ ಪರಿಶೀಲಿಸಿದಾಗ, ವೃತ್ತದಲ್ಲಿ ಕುಳಿತು ಬಂದವರು ಮತ್ತೆ ತಪ್ಪು ಮಾಡುವುದು ಕಡಿಮೆಯಾಗಿದೆಯೆಂಬುದಕ್ಕೆ ಆಧಾರ ಸಿಕ್ಕಲಿಲ್ಲ. ಆದರೆ ಅದೇ ಇಲಾಖೆ 2020ರಲ್ಲಿ ಹೆಚ್ಚು ವರ್ಷಗಳ ಮೊಕದ್ದಮೆಗಳನ್ನು ಹಿಡಿದು ನೋಡಿದಾಗ ಚಿತ್ರ ಬದಲಾಗಿದ್ದಿತು. ಸಾಮಾನ್ಯ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದ ಮೂಲನಿವಾಸಿಗಳಿಗೆ ಹೋಲಿಸಿದರೆ ವೃತ್ತಕ್ಕೆ ಬಂದವರು ಸೆರೆಗೆ ಹೋಗುವ ಸಂಭವ ಅರ್ಧಕ್ಕಿಂತಲೂ ಕಡಿಮೆ. ಹನ್ನೆರಡು ತಿಂಗಳೊಳಗೆ ಮತ್ತೆ ತಪ್ಪು ಮಾಡುವವರ ಪ್ರಮಾಣವೂ ನೂರಕ್ಕೆ ಸುಮಾರು 4ರಷ್ಟು ಇಳಿದಿದ್ದಿತು. ಇದು ಪವಾಡವೇನಲ್ಲ. ಆದರೆ ಸೆರೆಗೆ ಹೋಗದೆ ಉಳಿದ ಒಬ್ಬ ತಂದೆ ಎಂದರೆ ತಂದೆಯೊಡನೆ ಬೆಳೆಯುವ ಮಕ್ಕಳು ಎಂಬುದನ್ನು ನೆನೆದರೆ, ನೂರಕ್ಕೆ ನಾಲ್ಕು ಸಣ್ಣ ಸಂಖ್ಯೆಯಾಗಿ ಕಾಣುವುದಿಲ್ಲ.

ಇಷ್ಟನ್ನು ಮೆಚ್ಚಿ ಲೇಖನವನ್ನು ಮುಗಿಸಬಹುದಾಗಿದ್ದಿತು. ಆದರೆ ಆ ಹಿರಿಯರಿಗೆ ದೊರೆತುದು ನಾಯಕತ್ವವೋ ಅಥವಾ ಸಹಾಯಕರ ಆಸನವೋ ಎಂಬುದನ್ನು ವಿಚಾರಿಸದಿದ್ದರೆ ಅರ್ಧವನ್ನೇ ಹೇಳಿದಂತಾಗುತ್ತದೆ.

ಕೂರಿ ಕೋರ್ಟಿನಲ್ಲಿ ಹಿರಿಯರು ಸಲಹೆ ಕೊಡುತ್ತಾರೆ. ಶಿಕ್ಷೆಯ ಮಾತು ಕೊನೆಗೆ ಮ್ಯಾಜಿಸ್ಟ್ರೇಟರದೇ. ಯಾವುದು ಅಪರಾಧ, ಯಾರನ್ನು ಬಂಧಿಸಬೇಕು, ಯಾರಿಗೆ ಜಾಮೀನು ಕೊಡಬೇಕು ಎಂಬುದೆಲ್ಲ ಮೇಜಿನ ಬಳಿ ಬರುವ ಮುನ್ನವೇ ಬೇರೆಯವರಿಂದ ತೀರ್ಮಾನವಾಗಿರುತ್ತದೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಆದುದನ್ನು ನೋಡಿದರೆ ಈ ಆಸನ ಎಷ್ಟು ಸಡಿಲವೆಂಬುದು ತಿಳಿಯುತ್ತದೆ. 2002ರಿಂದ ಬೆಳೆದು ಹಲವು ಊರುಗಳಿಗೆ ಹರಡಿದ್ದ ಮರ್ರಿ ಕೋರ್ಟುಗಳಿಗೆ 2012ರಲ್ಲಿ ಹೊಸ ಸರಕಾರ ಹಣ ನಿಲ್ಲಿಸಿತು. ಇನ್ನೊಂದು ಸರಕಾರ ಬಂದ ಬಳಿಕ 2016ರಲ್ಲಿ ಅವು ಮತ್ತೆ ತೆರೆದವು. ಹಿರಿಯರು ವರುಷವರುಷಗಳ ಕಾಲ ಕಟ್ಟಿದುದನ್ನು ಒಂದು ಆಯವ್ಯಯ ಪತ್ರ ಅಳಿಸಿಹಾಕಬಲ್ಲುದಾದರೆ ಅದನ್ನು ಸ್ವನಿರ್ಣಯವೆನ್ನುವುದು ಹೇಗೆ? ಕೊಟ್ಟವರು ಬೇಕೆಂದಾಗ ಹಿಂದಕ್ಕೆ ಪಡೆಯಬಹುದಾದುದು ಎರವಲೇ ಹೊರತು ಹಕ್ಕಲ್ಲ.

ಶೆಪರ್ಟನ್ನಿಗೇ ಹಿಂದಿರುಗೋಣ. ಆ ಊರಿರುವುದು ಯೋರ್ಟಾ ಯೋರ್ಟಾ ಜನರ ನೆಲದಲ್ಲಿ. ಮರ್ರೆ ನದಿಯ ಎರಡು ದಡಗಳಲ್ಲಿಯೂ ಹಬ್ಬಿದ್ದ ಈ ಜನರ ನಡುವೆ ಬಿಳಿಯರು ರಾಜ್ಯಗಳ ಗಡಿಯನ್ನು ಎಳೆದರು. ಉತ್ತರ ದಡ ನ್ಯೂ ಸೌತ್ ವೇಲ್ಸಿಗೆ ಸೇರಿತು, ದಕ್ಷಿಣ ದಡ ವಿಕ್ಟೋರಿಯಾಕ್ಕೆ. ಒಂದೇ ಜನ, ಒಂದೇ ಮಾತು, ಎರಡು ಸರಕಾರ. ಇದರ ಅರ್ಥ ಗಡಿನಾಡಿನವರಾದ ನಮಗೆ ಬೇಗ ಹೊಳೆಯುತ್ತದೆ. ಆದರೆ ನಮ್ಮ ಕಷ್ಟವನ್ನು ಅವರದಕ್ಕೆ ಹೋಲಿಸುವುದು ತರವಲ್ಲ. ನಮ್ಮ ಭಾಷೆಗೊಂದು ರಾಜ್ಯವುಂಟು, ನಮ್ಮ ಮನೆ ಹೊಲಗಳಿಗೆ ಪತ್ರವುಂಟು. ಅವರಿಗೆ ಎರಡೂ ಉಳಿಯಲಿಲ್ಲ.

1881ರಲ್ಲಿ ಆ ಜನರ ಪೈಕಿ 42 ಮಂದಿ, ತಾವು ಬೇಟೆಯಾಡುತ್ತಿದ್ದ ನೆಲವೆಲ್ಲ ಕೈಬಿಟ್ಟುದರಿಂದ ಬೇಸಾಯ ಮಾಡಿ ಬದುಕಲು ಒಂದಿಷ್ಟು ಭೂಮಿ ಕೊಡಬೇಕೆಂದು ನ್ಯೂ ಸೌತ್ ವೇಲ್ಸಿನ ಗವರ್ನರರಿಗೆ ಅರ್ಜಿ ಬರೆದರು. ಅವರ ನಡುವೆ ಬೆಳೆದ ವಿಲಿಯಂ ಕೂಪರ್ ಎಂಬ ಮುಖಂಡರು ಇಳಿವಯಸ್ಸಿನಲ್ಲಿ, ಪಾರ್ಲಿಮೆಂಟಿನಲ್ಲಿ ತಮ್ಮವರಿಗೊಂದು ಸ್ಥಾನ ಬೇಕೆಂದು 1,814 ಸಹಿಗಳನ್ನು ಸಂಗ್ರಹಿಸಿ ಬ್ರಿಟಿಷ್ ದೊರೆಗೆ ಮನವಿಯನ್ನು ಸಿದ್ಧಪಡಿಸಿದರು. 1937ರಲ್ಲಿ ಅದನ್ನು ಸ್ವೀಕರಿಸಿದ ಆಸ್ಟ್ರೇಲಿಯಾ ಸರಕಾರ ದೊರೆಗೆ ತಲಪಿಸಲೇ ಇಲ್ಲ. 1939ರಲ್ಲಿ ಉತ್ತರ ದಡದ ಕಮ್ಮರಗಂಜ ವಸತಿಯಲ್ಲಿ ಅಧಿಕಾರಿಗಳ ದಬ್ಬಾಳಿಕೆಯನ್ನು ಸಹಿಸಲಾರದೆ ನೂರೈವತ್ತಕ್ಕೂ ಹೆಚ್ಚು ಮಂದಿ ಗಂಟುಮೂಟೆಗಳೊಡನೆ ನದಿ ದಾಟಿ ವಿಕ್ಟೋರಿಯಾಕ್ಕೆ ಬಂದರು. ಶೆಪರ್ಟನ್ನಿನ ಸುತ್ತಮುತ್ತ ನೆಲಸಿದ ಮನೆತನಗಳಲ್ಲಿ ಅನೇಕವು ಹಾಗೆ ಬಂದವು.

ಇವರ ಸಂತತಿಯವರು 1994ರಲ್ಲಿ ತಮ್ಮ ಪೂರ್ವಿಕರ ನೆಲ ಮತ್ತು ನೀರಿನ ಮೇಲಿನ ಹಕ್ಕಿಗಾಗಿ ನ್ಯಾಯಾಲಯದ ಮೊರೆಹೊಕ್ಕರು. ಹಿರಿಯರು ಸಾಕ್ಷಿ ನುಡಿದರು. ಮೀನು ಹಿಡಿಯುವ ಕ್ರಮ, ಪವಿತ್ರ ಸ್ಥಳಗಳು, ನೆಂಟಸ್ತಿಕೆಯ ಜಾಡು ಎಲ್ಲವನ್ನೂ ಹೇಳಿದರು. 1998ರಲ್ಲಿ ನ್ಯಾಯಮೂರ್ತಿ ಓಲ್ನಿಯವರು ಕೊಟ್ಟ ತೀರ್ಪು ಅವರಿಗೆ ವಿರುದ್ಧವಾಯಿತು. ಹಿರಿಯರ ಬಾಯಿಮಾತಿಗಿಂತ, ಅದೇ ನೆಲವನ್ನು ಆಕ್ರಮಿಸಿ ಕುರಿ ಸಾಕಿದ ಎಡ್ವರ್ಡ್ ಕರ್ ಎಂಬಾತ ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದಿಟ್ಟ ಮಾತಿಗೆ ಅವರು ಹೆಚ್ಚು ಬೆಲೆ ಕೊಟ್ಟರು. 1881ರ ಅರ್ಜಿಯನ್ನೂ ಎತ್ತಿಕೊಂಡರು: ಬೇಸಾಯಕ್ಕೆ ಭೂಮಿ ಬೇಡಿದರೆಂದರೆ ಹಳೆಯ ಸಂಪ್ರದಾಯವನ್ನು ಅಷ್ಟರಲ್ಲೇ ಕಳೆದುಕೊಂಡಿದ್ದರೆಂದೇ ಅರ್ಥವೆಂದರು. ಇತಿಹಾಸದ ಪ್ರವಾಹ ಆ ಹಕ್ಕನ್ನು ಕೊಚ್ಚಿಕೊಂಡು ಹೋಗಿದೆಯೆಂಬುದು ತೀರ್ಪಿನ ಸಾರ. ಮನೆ ಕಳೆದುಕೊಂಡವನು ಆಶ್ರಯ ಬೇಡಿದುದನ್ನೇ, ಅವನಿಗೆ ಮನೆಯಿರಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಹಿಡಿದಂತಾಯಿತು. ಮೇಲ್ಮನವಿ ಆ ದೇಶದ ಅತ್ಯುಚ್ಚ ನ್ಯಾಯಾಲಯದವರೆಗೆ ಹೋಯಿತು. ಅಲ್ಲಿಯೂ ಐವರು ವಿರುದ್ಧವಾಗಿ, ಇಬ್ಬರು ಪರವಾಗಿ ತೀರ್ಪಿತ್ತುದರಿಂದ ಹಕ್ಕು ಬಿದ್ದುಹೋಯಿತು. ಆ ದಿನ 2002ರ ಡಿಸೆಂಬರ್ 12.

ಓದುಗರು ತಾರೀಖುಗಳನ್ನು ಗಮನಿಸಬೇಕು. ಅಕ್ಟೋಬರ್‌ನಲ್ಲಿ ಒಂದು ನ್ಯಾಯಾಲಯ ಈ ನೆಲದ ಹಿರಿಯರನ್ನು ಕರೆದು, ‘ನಿಮ್ಮ ಸಮುದಾಯ ಜೀವಂತವಾಗಿದೆ, ನಿಮ್ಮ ಮಾತಿಗೆ ಎಳೆಯರು ತಲೆಬಾಗುತ್ತಾರೆ, ಬಂದು ನಮ್ಮ ಬಳಿ ಕುಳಿತುಕೊಳ್ಳಿ’ ಎಂದಂತಾಯಿತು. ಡಿಸೆಂಬರ್‌ನಲ್ಲಿ ಇನ್ನೊಂದು ನ್ಯಾಯಾಲಯ, ‘ನಿಮ್ಮನ್ನು ಒಂದು ಸಮಾಜವಾಗಿ ಹಿಡಿದಿಟ್ಟಿದ್ದ ಕಟ್ಟುಕಟ್ಟಳೆಗಳ ಸರಪಣಿ ಎಂದೋ ತುಂಡಾಗಿದೆ’ ಎಂದಂತಾಯಿತು. ಮಕ್ಕಳನ್ನು ತಿದ್ದುವುದಕ್ಕೆ ಇರುವ ಹಿರಿತನ ನೆಲವನ್ನು ಕೇಳುವಾಗ ಇಲ್ಲವಾಯಿತು. ಎರಡು ತಿಂಗಳ ಅಂತರದಲ್ಲಿ ನಡೆದ ಈ ಎರಡೂ ಕಾನೂನಿನ ಪ್ರಕಾರವೇ ನಡೆದವು. ಮುಂದೆ 2004ರಲ್ಲಿ ವಿಕ್ಟೋರಿಯಾ ಸರಕಾರ ನದಿ ಮತ್ತು ಕಾಡಿನ ಕೆಲವು ಭಾಗಗಳ ನಿರ್ವಹಣೆಯಲ್ಲಿ ಯೋರ್ಟಾ ಯೋರ್ಟಾ ಜನರೊಡನೆ ಸಹಕಾರದ ಒಪ್ಪಂದ ಮಾಡಿಕೊಂಡಿತೆಂಬುದನ್ನು ಹೇಳದೆ ಬಿಡಬಾರದು. ಆದರೆ ಅಲ್ಲಿಯೂ ಅವರಿಗೆ ಸಿಕ್ಕಿದುದು ಸಲಹೆಯ ಸ್ಥಾನವೇ.

ಇಂದಿಗೂ ಆಸ್ಟ್ರೇಲಿಯಾದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ನೂರಕ್ಕೆ ನಾಲ್ವರೂ ಇಲ್ಲ; ಸೆರೆಮನೆಯಲ್ಲಿರುವವರಲ್ಲಿ ಅವರ ಪಾಲು ಮೂರರಲ್ಲೊಂದು. 1991ರ ವರದಿಯ ಬಳಿಕವೂ 500ಕ್ಕೂ ಹೆಚ್ಚು ಮೂಲನಿವಾಸಿಗಳು ಬಂಧನದಲ್ಲಿದ್ದಾಗ ಸತ್ತಿದ್ದಾರೆ. ವಿಕ್ಟೋರಿಯಾದಲ್ಲಿ 2021ರಲ್ಲಿ ನೇಮಕವಾದ ‘ಯೂರೂಕ್’ ಎಂಬ ಸತ್ಯಶೋಧನ ಆಯೋಗ, ಮಕ್ಕಳ ಪಾಲನೆ ಹಾಗೂ ದಂಡನ್ಯಾಯದ ವಿಚಾರಗಳಲ್ಲಿ ತೀರ್ಮಾನಿಸುವ ಅಧಿಕಾರವನ್ನೂ ಅದಕ್ಕೆ ಬೇಕಾದ ಹಣವನ್ನೂ ಮೂಲನಿವಾಸಿಗಳ ಕೈಗೇ ವಹಿಸಬೇಕೆಂದು 2023ರಲ್ಲಿ ಹೇಳಿತು. ಅದರ 46 ಶಿಫಾರಸುಗಳಲ್ಲಿ ಸರಕಾರ 2024ರಲ್ಲಿ ಪೂರ್ತಿಯಾಗಿ ಒಪ್ಪಿದುದು ನಾಲ್ಕನ್ನು ಮಾತ್ರ.

ಹಾಗಾದರೆ ಶೆಪರ್ಟನ್ನಿನ ಮೇಜು ವ್ಯರ್ಥವೆ? ಹಾಗೆಂದು ನಾವು ಭಾವಿಸುವುದಿಲ್ಲ. ತಮಗೆ ಪೂರ್ಣ ಅಧಿಕಾರ ದೊರೆಯುವವರೆಗೆ ಬರುವುದಿಲ್ಲವೆಂದು ಆ ಹಿರಿಯರು ಹೊರಗೇ ಉಳಿದಿದ್ದರೆ, ಅಷ್ಟು ದಿನಗಳ ತರುಣರೆಲ್ಲ ಹಳೆಯ ಕಟಕಟೆಯಲ್ಲಿಯೇ ನಿಲ್ಲಬೇಕಾಗುತ್ತಿದ್ದಿತು. ಅವರು ಅಪೂರ್ಣವಾದ ಆಸನವನ್ನು ಅಪೂರ್ಣವೆಂದು ತಿಳಿದೇ ಸ್ವೀಕರಿಸಿದರು. ಅದರಲ್ಲಿ ಕುಳಿತು ತಮ್ಮ ಕೆಲಸ ಮಾಡಿದರು. ಇನ್ನುಳಿದುದನ್ನು ಕೇಳುವುದನ್ನೂ ಬಿಡಲಿಲ್ಲ. ತಮ್ಮ ನೆಲವನ್ನು ತಮ್ಮದಲ್ಲವೆಂದ ವ್ಯವಸ್ಥೆಯ ಜೊತೆಯಲ್ಲಿ ಕುಳಿತು, ಅದರ ಕೈಯಿಂದ ತಮ್ಮ ಮೊಮ್ಮಕ್ಕಳನ್ನು ಬಿಡಿಸಿಕೊಳ್ಳುವ ಆ ತಾಳ್ಮೆ ಅಲ್ಪವಾದುದಲ್ಲ. ಅವರ ಹಿರಿತನವನ್ನು ಯಾವ ನ್ಯಾಯಾಲಯವೂ ಕೊಟ್ಟುದಲ್ಲ. ಅದು ನ್ಯಾಯಾಲಯಕ್ಕೆ ಅವರು ಕೊಟ್ಟುದು. ಅದನ್ನು ಪಡೆದ ಸರಕಾರ ಪ್ರತಿಯಾಗಿ ಏನು ಕೊಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಬರಬೇಕಾಗಿದೆ.